ನನ್ನನ್ನು ಕೆಡಿಸಿದ್ದು ಮೊಬೈಲಲ್ಲ, ಮನೆಯ ಸತ್ಯವೇದ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಂದೆಯ ಪತ್ರ ಬಂದಿತ್ತು. ಮಗ ಚರ್ಚಿಗೆ ಬರುವುದು ಬಿಟ್ಟಿದ್ದಾನೆ, ಊಟಕ್ಕೆ ಮುಂಚಿನ ಪ್ರಾರ್ಥನೆಗೂ ಕಣ್ಣು ಮುಚ್ಚುವುದಿಲ್ಲ, ಇದಕ್ಕೆಲ್ಲ ಮೊಬೈಲು ಮತ್ತು ಸಹವಾಸವೇ ಕಾರಣ ಅಂತ ಬರೆದಿದ್ದರು. ಕೊನೆಗೆ ಒಂದು ಮಾತು ಕೇಳಿದ್ದರು: 'ನಾನು ಎಲ್ಲಿ ತಪ್ಪಿದೆ?' ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಮಗನ ವಿಷಯ ನನಗೆ ಗೊತ್ತಿಲ್ಲ. ನನ್ನದು ಗೊತ್ತು. ನನಗೀಗ 47 ವರ್ಷ. ಚರ್ಚು ಬಿಟ್ಟು ಹನ್ನೆರಡು ವರ್ಷ ಆಯಿತು. ಆದರೆ ಪ್ರಶ್ನೆಗಳು ಶುರುವಾದದ್ದು ಎಂಟನೇ ವಯಸ್ಸಿನಲ್ಲಿ. ಆಗ ಮೊಬೈಲು ಎಲ್ಲಿತ್ತು? ನನ್ನ ಸಹವಾಸ ಅಂದರೆ ಅಪ್ಪ, ಅಮ್ಮ, ಅಣ್ಣ, ಮತ್ತೆ ದಪ್ಪ ಕಪ್ಪು ರಟ್ಟಿನ ಒಂದು ಸತ್ಯವೇದ, ಅಂದರೆ ಬೈಬಲ್.

ನಮ್ಮ ಮನೆಯಲ್ಲಿ ದಿನಾ ರಾತ್ರಿ ಒಂದು ಅಧ್ಯಾಯ ಓದಬೇಕಿತ್ತು. ಜ್ವರ ಬಂದರೂ, ನೆಂಟರು ಬಂದರೂ ಓದಲೇಬೇಕು. ಅಪ್ಪ ಚರ್ಚಿನ ಸಭೆಯ ಹಿರಿಯರು. ಯಾವುದನ್ನೂ ಹಾರಿಸುವ ಹಾಗಿಲ್ಲ ಅಂತ ಅವರ ಕಟ್ಟುನಿಟ್ಟು. ಯಾರು ಯಾರನ್ನು ಪಡೆದರು ಅನ್ನುವ ವಂಶಾವಳಿಯನ್ನೂ ಓದಬೇಕು, ಯಾಜಕಕಾಂಡದ ಕುಷ್ಠರೋಗದ ನಿಯಮಗಳನ್ನೂ ಓದಬೇಕು. ಒಟ್ಟು 1189 ಅಧ್ಯಾಯ. ದಿನಕ್ಕೊಂದರಂತೆ ಮೂರು ವರ್ಷ ಮೂರು ತಿಂಗಳು ಹಿಡಿಯುತ್ತದೆ. ಮುಗಿದ ಮಾರನೇ ದಿನ ಮತ್ತೆ ಆದಿಕಾಂಡ. ಮಕ್ಕಳಾದ ನಮಗೆ 117ನೇ ಕೀರ್ತನೆ ಬಂದ ರಾತ್ರಿ ಹಬ್ಬ, ಎರಡೇ ವಚನ. ಎರಡು ದಿನ ಕಳೆದರೆ 119, ಅದರಲ್ಲಿ 176 ವಚನ. ಅಣ್ಣ ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದ.

ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಅಪ್ಪ, ಅಮ್ಮ, ಅಣ್ಣ, ನಾನು. ಹಾಗಾಗಿ ನಾಲ್ಕು, ಎಂಟು, ಹನ್ನೆರಡು, ಇವೆಲ್ಲ ಯಾವಾಗಲೂ ನನ್ನವು. ಈ ಲೆಕ್ಕ ಯಾಕೆ ಹೇಳುತ್ತಿದ್ದೇನೆ ಅಂದರೆ, ನ್ಯಾಯಸ್ಥಾಪಕರು ಪುಸ್ತಕದ ಹನ್ನೊಂದನೇ ಅಧ್ಯಾಯ ಬಂದಾಗೆಲ್ಲ 36ನೇ ವಚನ ನನ್ನ ಪಾಲಿಗೇ ಬರುತ್ತಿತ್ತು.

ಅದು ಯೆಪ್ತಾಹನ ಕತೆ. ಯುದ್ಧಕ್ಕೆ ಹೊರಟವನು ದೇವರಿಗೆ ಹರಕೆ ಹೊರುತ್ತಾನೆ. ಗೆದ್ದು ಮನೆಗೆ ಬಂದಾಗ ಬಾಗಿಲಿನಿಂದ ಮೊದಲು ನನ್ನೆದುರಿಗೆ ಬರುವುದನ್ನು ನಿನಗೆ ಹೋಮವಾಗಿ ಅರ್ಪಿಸುತ್ತೇನೆ ಅಂತ. ಗೆಲ್ಲುತ್ತಾನೆ. ಬಾಗಿಲಿನಿಂದ ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಓಡಿಬಂದವಳು ಅವನ ಒಬ್ಬಳೇ ಮಗಳು. 36ನೇ ವಚನ ಆ ಹುಡುಗಿಯ ಮಾತು. ಅಪ್ಪಾ, ದೇವರಿಗೆ ಬಾಯಿಬಿಟ್ಟು ಹೇಳಿಬಿಟ್ಟಿದ್ದೀಯಲ್ಲ, ಹೇಳಿದ ಹಾಗೇ ನನಗೆ ಮಾಡು ಅನ್ನುತ್ತಾಳೆ. ಎಂಟು ವರ್ಷದ ನಾನು ಅದನ್ನು ಗಟ್ಟಿಯಾಗಿ ಓದಿದೆ. ಎದುರಿಗೆ ನನ್ನ ಅಪ್ಪ ಕೂತಿದ್ದರು. ಆಮೇಲಿನ ವಚನ ಅವರದು. ಅವರು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಓದಿದರು. ಎರಡು ತಿಂಗಳು ಬಿಡುವು ಕೊಡು, ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ ಅತ್ತು ಬರುತ್ತೇನೆ ಅಂತ ಅವಳು ಕೇಳುವ ವಚನ.

ಅವತ್ತು ನಾನು ಕೇಳಿದ್ದು ಇಷ್ಟೇ: 'ಅವಳು ಬೆಟ್ಟದಿಂದ ಯಾಕೆ ವಾಪಸು ಬಂದಳು? ಓಡಿಹೋಗಬಹುದಿತ್ತಲ್ಲ?' ಅಮ್ಮ ಮಲಗು ಹೋಗು ಅಂದರು.

ಮೂರು ವರ್ಷ ಮೂರು ತಿಂಗಳಾದ ಮೇಲೆ ಮತ್ತೆ ಅದೇ ಅಧ್ಯಾಯ, ಮತ್ತೆ ಅದೇ ವಚನ. ಅಷ್ಟರಲ್ಲಿ ಸಂಡೇ ಸ್ಕೂಲಿನಲ್ಲಿ, ದೇವರ ಮಾತಿಗೆ ಮಗ ಇಸಾಕನನ್ನು ಬಲಿ ಕೊಡಲು ಹೊರಟ ಅಬ್ರಹಾಮನ ಕತೆ ಬಾಯಿಪಾಠ ಆಗಿತ್ತು. 'ಇಸಾಕನನ್ನು ಉಳಿಸೋಕೆ ಟಗರು ಬಂತು. ಇವಳಿಗೆ ಯಾಕೆ ಬರಲಿಲ್ಲ?' ಅಂತ ಕೇಳಿದೆ. ಅಪ್ಪ ತಾಳ್ಮೆಯಿಂದಲೇ ಹೇಳಿದರು. ಹರಕೆ ದೇವರು ಕೇಳಿದ್ದಲ್ಲ, ಯೆಪ್ತಾಹ ದುಡುಕಿದ. ಅವಳನ್ನು ಸುಡಲಿಲ್ಲ, ಮದುವೆಯಿಲ್ಲದೆ ದೇವರ ಸೇವೆಗೆ ಬಿಟ್ಟರು ಅಂತಲೂ ಕೆಲವು ಪಂಡಿತರು ಹೇಳುತ್ತಾರೆ ಅಂದರು. ಸರಿ ಅನ್ನಿಸಿತು. ಮೂರನೇ ಸುತ್ತಿನಲ್ಲಿ ಅದೇ ಅಧ್ಯಾಯದ 29ನೇ ವಚನ ಕಣ್ಣಿಗೆ ಬಿತ್ತು. ಹರಕೆಗೆ ಸ್ವಲ್ಪ ಮುಂಚೆ ದೇವರ ಆತ್ಮ ಯೆಪ್ತಾಹನ ಮೇಲೆ ಬಂತು ಅಂತ ಅಲ್ಲಿದೆ. ಆಮೇಲೆ ಇಬ್ರಿಯರಿಗೆ ಬರೆದ ಪತ್ರಿಕೆ ಬಂದಾಗ, ಹನ್ನೊಂದನೇ ಅಧ್ಯಾಯದ 32ನೇ ವಚನದಲ್ಲಿ ನಂಬಿಕೆಯ ವೀರರ ಪಟ್ಟಿಯಲ್ಲಿ ಯೆಪ್ತಾಹನ ಹೆಸರಿತ್ತು. ಗಿದ್ಯೋನ, ಸಂಸೋನ, ದಾವೀದರ ಸಾಲಿನಲ್ಲಿ. ಮಗಳಿಗೆ ಎಲ್ಲೂ ಹೆಸರೇ ಇಲ್ಲ. 'ಅಪ್ಪಾ, ದುಡುಕಿದ ಅಂದ್ರಿ. ಇಲ್ಲಿ ಹೊಗಳಿದ್ದಾರಲ್ಲ?' ಅಂದೆ. ಆ ರಾತ್ರಿ ಅಪ್ಪ ಪುಸ್ತಕ ಮುಚ್ಚಿ, ಪ್ರಾರ್ಥನೆ ಮಾಡೋಣ ಅಂದರು.

ಪ್ರಶ್ನೆ ಕೇಳುವುದು ತಪ್ಪು ಅಂತ ನನಗೆ ಯಾರೂ ಕಲಿಸಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಅಪ್ಪನ ಮೆಚ್ಚಿನ ಭಾಗ ಅಪೊಸ್ತಲರ ಕೃತ್ಯಗಳ ಹದಿನೇಳನೇ ಅಧ್ಯಾಯ. ಪೌಲನ ಬೋಧನೆ ಕೇಳಿದ ಬೆರೋಯದವರು ಅದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರಂತೆ. ಅದಕ್ಕೇ ಅವರಿಗೆ ಅಲ್ಲಿ ಹೊಗಳಿಕೆ. 'ಬೆರೋಯದವರ ಥರ ಇರಬೇಕು, ಪಾಸ್ಟರು ಹೇಳಿದ್ದನ್ನೂ ತೆಗೆದು ನೋಡಬೇಕು' ಅಂತ ಅಪ್ಪ ನೂರು ಸಲ ಹೇಳಿದ್ದಾರೆ. ತೆಗೆದು ನೋಡಿದೆ. ಅಷ್ಟೇ ನಾನು ಮಾಡಿದ್ದು.

ಸಣ್ಣಪುಟ್ಟ ವ್ಯತ್ಯಾಸಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದ ನೇಣು ಹಾಕಿಕೊಂಡ ಅಂತ ಮತ್ತಾಯ ಹೇಳುತ್ತಾನೆ, ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸತ್ತ ಅಂತ ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಹಗ್ಗ ಹರಿದು ಬಿದ್ದಿರಬೇಕು ಅಂದರು. ಇರಲಿ ಅಂದುಕೊಂಡೆ. ನನ್ನನ್ನು ಹಿಡಿದಿದ್ದು ಭಯ.

ಯೇಸು ಯಾವ ಗಳಿಗೆಯಲ್ಲಾದರೂ ಬಂದು ತನ್ನವರನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾನೆ, ಉಳಿದವರು ಇಲ್ಲೇ ಸಂಕಟ ಪಡುತ್ತಾರೆ ಅಂತ ನಮಗೆ ಕಲಿಸಿದ್ದರು. ಮಧ್ಯರಾತ್ರಿ ಎಚ್ಚರವಾದರೆ ಮನೆಯೆಲ್ಲ ನಿಶ್ಶಬ್ದ. ಎಲ್ಲರೂ ಹೋಗಿಬಿಟ್ಟರಾ, ನಾನೊಬ್ಬಳೇ ಉಳಿದೆನಾ ಅಂತ ಎದೆ ಢವಢವ. ಅಪ್ಪ ಗ್ಯಾರಂಟಿ ಮೇಲೆ ಹೋಗುವವರು, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹಾಗಾಗಿ ಅವರ ಗೊರಕೆಗೆ ಕಾಯುತ್ತಿದ್ದೆ. ಗೊರಕೆ ಕೇಳಿಸಿತೋ, ಸದ್ಯ, ಇನ್ನೂ ಆಗಿಲ್ಲ ಅಂತ ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಅಪ್ಪನಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಮೋಡಗಳಲ್ಲಿ ಎತ್ತಲ್ಪಡುವ ಮಾತು ಇರುವುದು ನಿಜ. ಆದರೆ ಹೇಳದೆ ಕೇಳದೆ ಮೊದಲೇ ಭಕ್ತರನ್ನು ಒಯ್ದು, ಆಮೇಲೆ ಉಳಿದವರಿಗೆ ಮಹಾ ಸಂಕಟ ಅನ್ನುವ ಈ ಕ್ರಮ ಹೆಚ್ಚಾಗಿ ಹರಡಿದ್ದು 1830ರ ದಶಕದಿಂದ ಈಚೆಗೆ, ಜಾನ್ ನೆಲ್ಸನ್ ಡಾರ್ಬಿ ಅನ್ನುವ ಬೋಧಕರ ಮೂಲಕ. ಇದು ಗೊತ್ತಾದಾಗ ನನಗೆ ಮೂವತ್ತು ದಾಟಿತ್ತು. ನನಗೆ ಸಿಟ್ಟು ಬರಲಿಲ್ಲ. ಎಷ್ಟು ರಾತ್ರಿ ಸುಮ್ನೆ ನಿದ್ದೆಗೆಟ್ಟೆ ಅನ್ನಿಸಿತು.

ಇನ್ನೊಂದು ಇದಕ್ಕಿಂತ ದೊಡ್ಡದು. ಹದಿಮೂರನೇ ವಯಸ್ಸಿನಲ್ಲಿ ನಾನು ದೀಕ್ಷಾಸ್ನಾನ ತೆಗೆದುಕೊಂಡೆ. ತೆಗೆದುಕೊಂಡಿದ್ದು ಮಾರ್ಕನ ಸುವಾರ್ತೆಯ ಹದಿನಾರನೇ ಅಧ್ಯಾಯದ 16ನೇ ವಚನದ ಹೆದರಿಕೆಯಿಂದ. ನಂಬಿ ದೀಕ್ಷಾಸ್ನಾನ ಪಡೆದವರಿಗೆ ರಕ್ಷಣೆ, ನಂಬದವರಿಗೆ ದಂಡನೆ ಅಂತ ಅದು ಹೇಳುತ್ತದೆ. ಬಹಳ ವರ್ಷಗಳ ಮೇಲೆ ಹೊಸ ಅನುವಾದವೊಂದನ್ನು ಕೊಂಡಾಗ ಅದೇ ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ನೋಡಿದೆ. 9ರಿಂದ 20ರವರೆಗಿನ ವಚನಗಳು ಅತ್ಯಂತ ಹಳೆಯ ಕೈಬರಹದ ಪ್ರತಿಗಳಲ್ಲಿ ಇಲ್ಲ. ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳು, ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್, 8ನೇ ವಚನಕ್ಕೇ ಮಾರ್ಕನ ಸುವಾರ್ತೆಯನ್ನು ಮುಗಿಸುತ್ತವೆ. ಯೇಸುವಿನ ಸಮಾಧಿಯಿಂದ ಹೆಂಗಸರು ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಆಮೇಲೆ ಯಾರೋ ಸೇರಿಸಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವರಲ್ಲಿ ಭಕ್ತರಾದ ಕ್ರೈಸ್ತ ವಿದ್ವಾಂಸರೂ ಇದ್ದಾರೆ. ನನ್ನನ್ನು ನೀರಿಗಿಳಿಸಿದ ವಚನ ಅದರಲ್ಲೇ ಇತ್ತು. ನಾನು ಆ ಪುಟದ ಮೇಲೆ ಕೈಯಿಟ್ಟು ತುಂಬ ಹೊತ್ತು ಕೂತಿದ್ದೆ. ಗೆದ್ದ ಖುಷಿಯೇನೂ ಇರಲಿಲ್ಲ. ಪಾಸ್ಟರಾಗುವವರು ಓದುವ ದೇವಶಾಸ್ತ್ರದ ಕಾಲೇಜುಗಳಲ್ಲಿ ಇದು ಸಾಮಾನ್ಯ ಪಾಠ. ಭಾನುವಾರದ ಪ್ರಸಂಗದಲ್ಲಿ ಮಾತ್ರ ನಾನು ಒಂದು ದಿನವೂ ಕೇಳಲಿಲ್ಲ. ನನಗಿರುವ ತಕರಾರು ಏನಾದರೂ ಇದ್ದರೆ ಇದೊಂದೇ.

'ಸಭೆಯಲ್ಲಿ ಯಾರು ನೋಯಿಸಿದರು?' ಅಂತ ಎಲ್ಲರೂ ಕೇಳುತ್ತಾರೆ. ಯಾರೂ ನೋಯಿಸಲಿಲ್ಲ. ಅಲ್ಲಿ ನೋವು ತಿಂದವರು ಇದ್ದಾರೆ, ಅವರ ಕತೆ ಅವರೇ ಹೇಳಬೇಕು. ನನಗೆ ಸಿಕ್ಕಿದ್ದು ಒಳ್ಳೆಯ ಜನ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಸರದಿ ಹಾಕಿಕೊಂಡು ಕಾದರು. ಹೊಟ್ಟೆಕಿಚ್ಚಿಗೋ ಜಗಳಕ್ಕೋ ಬಿಟ್ಟಿದ್ದರೆ ಹೇಳಲು ಸುಲಭವಾಗುತ್ತಿತ್ತು. ಒಳ್ಳೆಯವರನ್ನು ಬಿಟ್ಟು ಬರುವುದಕ್ಕೆ ಕಾರಣ ಹೇಳುವುದು ಕಷ್ಟ ಸ್ವಾಮಿ.

ಬಿಟ್ಟ ಮೇಲೆ ಬಂದ ಮಾತುಗಳು ಗೊತ್ತಿದ್ದವೇ. ಸೈತಾನನ ಶೋಧನೆ ಅಂದರು. ಹಿಂಜಾರಿ ಹೋದಳು ಅಂದರು. ಓದು ಜಾಸ್ತಿಯಾಯ್ತು ಅಂದರು, ಇದೊಂದು ಸ್ವಲ್ಪ ನಿಜ. ಅಮ್ಮ ಏನೂ ಅನ್ನಲಿಲ್ಲ, ಅತ್ತರು. ನನಗೆ ಅಮ್ಮನ ಮೇಲೆ ಬೇಜಾರಿಲ್ಲ. ನರಕ ನಿಜ ಅಂತ ನಂಬಿದ ತಾಯಿಗೆ, ಮಗಳು ಅಲ್ಲಿಗೆ ಹೋಗುತ್ತಾಳೆ ಅನ್ನಿಸಿದರೆ ಅಳದೆ ಇನ್ನೇನು ಮಾಡಿಯಾಳು? ಅಳದಿದ್ದರೆ ಅವಳ ನಂಬಿಕೆ ಸುಳ್ಳು ಅನ್ನಬೇಕಾಗುತ್ತಿತ್ತು. ಮಗುವನ್ನು ಸರಿಯಾದ ದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲೂ ಅದನ್ನು ಬಿಡುವುದಿಲ್ಲ ಅನ್ನುವ ಜ್ಞಾನೋಕ್ತಿ ಇದೆಯಲ್ಲ, 22ನೇ ಅಧ್ಯಾಯದ 6ನೇ ವಚನ, ಅದನ್ನು ಅಮ್ಮ ತನ್ನ ಮೇಲೆಯೇ ಹೊರೆ ಹೊರಿಸಿಕೊಂಡಿದ್ದರು. ನಾನು ಬಿಟ್ಟೆ ಅಂದರೆ ಅವರು ಬೆಳೆಸಿದ್ದು ತಪ್ಪು ಅಂತ. ಪತ್ರ ಬರೆದ ಆ ತಂದೆಯೂ ಇದೇ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸುತ್ತದೆ.

ಈ ಕಡೆಯವರ ವಿಷಯವೂ ಒಂದು ಮಾತು. ನಾನು ಚರ್ಚು ಬಿಟ್ಟೆ ಅಂತ ಗೊತ್ತಾದ ಕೂಡಲೇ ಬೆನ್ನು ತಟ್ಟಲು ಕೆಲವರು ಬಂದರು. 'ಎಲ್ಲಾ ಕಟ್ಟುಕತೆ ಅಂತ ಈಗಲಾದರೂ ಗೊತ್ತಾಯ್ತಲ್ಲ' ಅಂದರು. ಅವರ್ಯಾರೂ ಒಂದು ಸುವಾರ್ತೆಯನ್ನೂ ಪೂರ್ತಿ ಓದಿದವರಲ್ಲ. ಬೇರೆ ಧರ್ಮದವರೂ ಈ ಪತ್ರ ಓದಿ ಖುಷಿಪಡುವುದು ಬೇಡ. ಅವರವರ ಮನೆಯ ಪುಸ್ತಕ ಅವರವರು ತೆಗೆದು ಓದಲಿ. ದೇವರಿದ್ದಾನಾ ಇಲ್ಲವಾ ಅಂತ ನನ್ನನ್ನು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಇಲ್ಲ ಅಂತ ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ. ಪಾತ್ರೆ ತೊಳೆಯುವಾಗ ಬಾಯಿಗೆ ಬರುವುದು ಮಾತ್ರ ಸಭೆಯ ಹಾಡುಗಳೇ.

ಅಪ್ಪನಿಗೆ ಈಗ 81. ಕಣ್ಣು ಮಂಜಾಗಿದೆ. ನಾನು ಹೋದಾಗೆಲ್ಲ ರಾತ್ರಿಯ ಅಧ್ಯಾಯ ನಾನೇ ಓದಿ ಹೇಳುತ್ತೇನೆ. ನಂಬದವಳ ಬಾಯಲ್ಲಿ ಓದಿಸುವುದು ಸರಿಯಾ ಅಂತ ಯಾರೋ ಅವರನ್ನು ಕೇಳಿದರಂತೆ. 'ಅವಳ ಉಚ್ಚಾರ ಚೆನ್ನಾಗಿದೆ' ಅಂದರಂತೆ. ಹೋದ ವರ್ಷ ಒಂದು ರಾತ್ರಿ ನ್ಯಾಯಸ್ಥಾಪಕರು ಹನ್ನೊಂದು ಬಂತು. ಒಂದೇ ಉಸಿರಿಗೆ ಓದಿ ಮುಗಿಸಿಬಿಡೋಣ ಅಂತ ಓದುತ್ತಿದ್ದೆ. 36 ಓದಿ ಮುಂದಕ್ಕೆ ಹೋಗುವಷ್ಟರಲ್ಲಿ ಅಪ್ಪ ಕೈಯೆತ್ತಿದರು.

'ಇದು ನಿನ್ನ ವಚನ ಅಲ್ವಾ?'

ಹೌದು ಅಂದೆ.

'ನೀನು ಅವತ್ತು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಹೇಳಲಿಲ್ಲ.'

'ಈಗ ಗೊತ್ತಾಗಿದೆಯಾ ಅಪ್ಪಾ?'

'ಇಲ್ಲ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಓದು, ಮುಂದಿನದು ನನ್ನದು' ಅಂದರು. ಓದಿದೆ.

ಆ ತಂದೆಯವರಿಗೆ ನೇರವಾಗಿ ಒಂದು ಮಾತು ಹೇಳಿ ಮುಗಿಸುತ್ತೇನೆ. ಸರ್, ನಿಮ್ಮ ಮಗ ಯಾವ ಪುಟದಲ್ಲಿ ನಿಂತಿದ್ದಾನೆ ಅಂತ ಒಂದು ಸಲ ಅವನನ್ನೇ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಮುಂದಿನ ಸಲ ಅವನು ಮನೆಗೆ ಬರುತ್ತಾನೆ ಅಂತ ಗೊತ್ತಾದಾಗ ದಯವಿಟ್ಟು ಪಾಸ್ಟರನ್ನು ಮೊದಲೇ ಕರೆಸಿ ಕೂರಿಸಬೇಡಿ. ನನಗೆ ಹಾಗೆ ಮಾಡಿದ್ದರು. ಬಾಗಿಲು ತೆಗೆದರೆ ನಡುಮನೆಯಲ್ಲಿ ಐದು ಜನ, ಮಧ್ಯದಲ್ಲಿ ನನಗಾಗಿ ಒಂದು ಖಾಲಿ ಕುರ್ಚಿ. ಅವತ್ತು ನಾನು ಬ್ಯಾಗು ಸಹ ಕೆಳಗಿಡದೆ ವಾಪಸು ಹೋದೆ. ಮತ್ತೆ ಆ ಮನೆಗೆ ಬರಲು ಎರಡು ವರ್ಷ ಹಿಡಿಯಿತು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
(ಅಪ್ಪ ಅಮ್ಮ ಇನ್ನೂ ಸಭೆಗೆ ಹೋಗುತ್ತಾರೆ. ಹೆಸರು ಹಾಕಬೇಡಿ.)