ಫಾರಂ ತುಂಬಿಸಿದರೆ ಸಾಲದು, ಪರೀಕ್ಷೆ ಮಾಡಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ ಸರ್.

ನಾನು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನವಳು. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದು ಕೆಲವು ವರ್ಷ ಆಯಿತು. ಬರೆಯುತ್ತಿರುವವಳು ನಾನು. ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಮಧ್ಯೆ ಮಧ್ಯೆ ಮಾತು ಸೇರಿಸುತ್ತಿದ್ದಾರೆ. ಹಾಗಾಗಿ ಇದು ನಮ್ಮಿಬ್ಬರ ಪತ್ರ. ನಾವು ಹೊಸದೇನೂ ಕೇಳುತ್ತಿಲ್ಲ. 30 ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಆಗಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. ಅದು ನಮ್ಮಂಥ ಹಳ್ಳಿಗಳಲ್ಲಿ ನಿಜವಾಗಿ ನಡೆಯುವ ಹಾಗೆ ಮಾಡಿ.

ಈಗ ಏನು ನಡೆಯುತ್ತಿದೆ ಅಂತ ಹೇಳುತ್ತೇನೆ. ನನಗೆ ಕಾಯಿಲೆ ಗೊತ್ತಾಗುವ ಮುಂಚೆ ಒಂದು ಸಲ ಆಶಾ ಕಾರ್ಯಕರ್ತೆ ಮನೆಗೆ ಫಾರಂ ಹಿಡಿದು ಬಂದಿದ್ದರು. ಬೀಡಿ, ಹೊಗೆಸೊಪ್ಪು ಉಂಟಾ, ಸೊಂಟದ ಸುತ್ತಳತೆ ಎಷ್ಟು, ಎದೆಯಲ್ಲಿ ಗಂಟು ಇದೆಯಾ ಅಂತ ಕೇಳುತ್ತಾ ಹೋದರು. ಜಗುಲಿ ಮೇಲೆ ನಮ್ಮ ಮಾವ ಕೂತಿದ್ದರು. ಇಲ್ಲ ಅಂದೆ, ಅವರೂ ಬರೆದುಕೊಂಡರು. ಆಗ ನನ್ನ ಗಮನಕ್ಕೆ ಯಾವ ಗಂಟೂ ಬಂದಿರಲಿಲ್ಲ, ಆ ಉತ್ತರ ನಿಜವೇ. ಆದರೆ ಇದ್ದಿದ್ದರೂ ಆ ಜಾಗದಲ್ಲಿ ಯಾವ ಸೊಸೆ ಹೌದು ಅನ್ನುತ್ತಾಳೆ? ಆಶಾ ಅವರದ್ದು ಇದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಅವರ ಕೆಲಸ ಫಾರಂ ತುಂಬಿ, ಹೆಂಗಸರನ್ನು ಕೇಂದ್ರಕ್ಕೆ ಕಳಿಸುವುದು. ಅಲ್ಲಿ ನೋಡುವವರು ಇರಬೇಕಲ್ವಾ?

ನನ್ನ 43ನೇ ವಯಸ್ಸಿನಲ್ಲಿ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಹತ್ತಿರದ ಊರಿನ ಒಬ್ಬ ಡಾಕ್ಟರ್ ಕೊಬ್ಬಿನ ಗಂಟು ಅಂದು ಮಾತ್ರೆ ಕೊಟ್ಟರು. ಅದು ಕಂಕುಳಿಗೂ ಬಂದ ಮೇಲೆ ಬೆಂಗಳೂರಿಗೆ ಹೋದೆವು. ಮೊದಲು ಕೀಮೋ, ಆಮೇಲೆ ಆಪರೇಷನ್, ಆಮೇಲೆ ರೇಡಿಯೇಷನ್. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊಡ್ಡ ಖರ್ಚು ಕಳೆಯಿತು. ಅದಕ್ಕೆ ಸರ್ಕಾರಕ್ಕೆ ಮನಸಾರೆ ಕೃತಜ್ಞತೆ ಹೇಳುತ್ತೇವೆ. ಕಾಯಿಲೆ ಖಚಿತ ಆಗುವವರೆಗಿನ ಸ್ಕ್ಯಾನು, ಟೆಸ್ಟು, ಬೆಂಗಳೂರಿನಲ್ಲಿ ಉಳಿಯುವ ಖರ್ಚು, ಎಲ್ಲ ನಮ್ಮ ಕೈಯಿಂದಲೇ ಹೋಯಿತು. ಬೋರ್‌ವೆಲ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡು ಕರಗಿತು. ಆ ಬೇಸಿಗೆಯಲ್ಲಿ ತೆಂಗಿನ ಗಿಡಗಳೂ ಒಣಗಿದವು.

ಚಿಕಿತ್ಸೆ ಮುಗಿದ ಮೇಲೆ ಎಲ್ಲರೂ "ಹುಷಾರಾದಿರಿ ಬಿಡಿ" ಅನ್ನುತ್ತಾರೆ. ಹೌದು, ಬದುಕಿದ್ದೇನೆ, ಕೂದಲೂ ಬಂದಿದೆ. ಆದರೆ ಆಮೇಲಿನ ಬದುಕು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆ ಕೈ ಊದಿಕೊಳ್ಳುತ್ತದೆ. ಆ ಕೈಗೆ ಬಿಪಿ ಪಟ್ಟಿ ಸುತ್ತಬಾರದು, ಸೂಜಿ ಚುಚ್ಚಬಾರದು, ಭಾರ ಎತ್ತಬಾರದು ಅಂದಿದ್ದಾರೆ. ನಮ್ಮ ಕಡೆ ಹೆಂಗಸು ಬಿಂದಿಗೆ ಎತ್ತದೆ, ಮುದ್ದೆ ತಿರುವದೆ ಒಂದು ದಿನ ಕಳೆಯುವುದುಂಟಾ? ಈಗ ಮುದ್ದೆ ತಿರುವುವವರು ನಮ್ಮ ಯಜಮಾನರು. ಊತ ಕಡಿಮೆ ಆಗಲಿ ಅಂತ ಕೈಗೆ ಹಾಕುವ ಬಿಗಿ ತೋಳು ಕೆಲವು ತಿಂಗಳಲ್ಲಿ ಸಡಿಲ ಆಗುತ್ತದೆ, ಮತ್ತೆ ಕೊಳ್ಳಬೇಕು. ಕಾಯಿಲೆ ಮತ್ತೆ ಬರದಿರಲಿ ಅಂತ ದಿನಾ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ ಇದೆ, ಅದು ವರ್ಷಗಟ್ಟಲೆ. ರಾತ್ರಿ ಮೈಯೆಲ್ಲಾ ಕಾದು ಬೆವರುತ್ತೇನೆ, ಎದ್ದು ಕೂತರೆ ಅವರೂ ಏಳುತ್ತಾರೆ.

ಇನ್ನೊಂದು ಮಾತು. ಇದನ್ನು ಬರೆಯಬೇಕೋ ಬೇಡವೋ ಅಂತ ನಾವಿಬ್ಬರೂ ಮಾತಾಡಿಕೊಂಡೇ ಬರೆಯುತ್ತಿದ್ದೇವೆ. ಆಪರೇಷನ್ ಆದ ಮೇಲೆ ತುಂಬಾ ದಿನ ಒಂದೇ ಮನೆಯಲ್ಲಿದ್ದೂ ನಾವು ಒಬ್ಬರನ್ನೊಬ್ಬರು ಮುಟ್ಟಲು ಹೆದರುತ್ತಿದ್ದೆವು. ನನಗೆ ನನ್ನ ಮೈ ತೋರಿಸಲು ಸಂಕೋಚ. ಅವರಿಗೆ ನನಗೆಲ್ಲಿ ನೋವಾಗುತ್ತದೋ ಅನ್ನುವ ಭಯ. ಅದು ನನ್ನ ಮೇಲಿನ ಬೇಸರ ಅಂದುಕೊಂಡು ನಾನು ಒಳಗೊಳಗೇ ಅತ್ತಿದ್ದೇನೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಹೀಗೆಲ್ಲ ಆಗುತ್ತದೆ, ಹೆದರಬೇಡಿ ಅಂತ ಯಾರೂ ಹೇಳಲಿಲ್ಲ. ನಾವೇ ದಾರಿ ಹುಡುಕಿಕೊಂಡೆವು. ಎಲ್ಲ ಮನೆಯಲ್ಲೂ ಹಾಗೆ ಆಗುವುದಿಲ್ಲ. ಚಿಕಿತ್ಸೆ ಮಧ್ಯದಲ್ಲೇ ಹೆಂಡತಿಯನ್ನು ತವರಿಗೆ ಕಳಿಸಿ ಸುಮ್ನೆ ಇದ್ದುಬಿಟ್ಟವರನ್ನೂ ವಾರ್ಡ್‌ನಲ್ಲಿ ನೋಡಿದ್ದೇನೆ.

ಇದರಲ್ಲಿ ಎಷ್ಟೋ ಕಷ್ಟ ಬೇಗ ಗೊತ್ತಾಗಿದ್ದರೆ ಕಡಿಮೆ ಆಗುತ್ತಿತ್ತು ಸರ್. ಗಂಟು ಚಿಕ್ಕದಿದ್ದಾಗ ಸಿಕ್ಕರೆ ಎಷ್ಟೋ ಸಲ ಸ್ತನ ಉಳಿಸಬಹುದು, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕಾಗಿ ಬರುವುದಿಲ್ಲ. ಜೀವದ ಲೆಕ್ಕ ಇನ್ನೂ ದೊಡ್ಡದು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 11 ಕೇಂದ್ರಗಳು 2012ರಿಂದ 2015ರವರೆಗೆ ಪತ್ತೆಯಾದ ಹೆಂಗಸರ ಲೆಕ್ಕ ಇಟ್ಟಿವೆ. ಕಾಯಿಲೆ ಸ್ತನದಲ್ಲೇ ಇದ್ದಾಗ ಸಿಕ್ಕವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು 81. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕವರಲ್ಲಿ ಸುಮಾರು 18. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಗೃಹ ಆರೋಗ್ಯ ಯೋಜನೆ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಬಂತು. ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುವುದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬಿಪಿಗೆ ಮೆಷಿನ್ ಇದೆ, ಶುಗರ್‌ಗೆ ಸ್ಟ್ರಿಪ್ ಇದೆ. ಸ್ತನ ಪರೀಕ್ಷೆಗೆ ಬೇಕಾದದ್ದು ಒಂದು ಪರದೆ, ಒಂದು ಮಂಚ, ಕಲಿತ ಹೆಣ್ಣುಮಗಳ ಕೈ, ಅವಸರ ಮಾಡದ ಹತ್ತು ನಿಮಿಷ. ಅದು ಜಗುಲಿಯಲ್ಲಿ ಆಗುವ ಕೆಲಸ ಅಲ್ಲ.

ಕೈಯಿಂದ ನೋಡಿದರೆ ಏನಾಗುತ್ತದೆ ಅನ್ನುವವರೂ ಇದ್ದಾರೆ. ಮುಂಬೈನ ಟಾಟಾ ಸ್ಮಾರಕ ಕೇಂದ್ರದವರು 1998ರಲ್ಲಿ ಶುರುಮಾಡಿ ಒಂದೂವರೆ ಲಕ್ಷ ಹೆಂಗಸರ ಮೇಲೆ 20 ವರ್ಷ ಅಧ್ಯಯನ ಮಾಡಿದ್ದಾರೆ. ಅದರಲ್ಲಿ ಅರ್ಧದಷ್ಟು ಜನರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಪರೀಕ್ಷೆ ಆದವರಲ್ಲಿ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಈ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾಯಿತು. 50ರೊಳಗಿನವರಲ್ಲಿ ಸಾವು ಹಾಗೆ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಪಶ್ಚಿಮದ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಜಾಸ್ತಿ ಕಾಣುತ್ತದೆ. ನನ್ನ ವಾರ್ಡ್‌ನಲ್ಲಿದ್ದವರಲ್ಲಿ ಬಹಳ ಜನ ನನ್ನ ವಯಸ್ಸಿನವರೇ. ಅದಕ್ಕೇ ನಲವತ್ತರ ಆಚೆಯವರಿಗೆ ಮ್ಯಾಮೊಗ್ರಫಿ, ಅಂದರೆ ಸ್ತನದ ಎಕ್ಸ್‌ರೇ ಕೂಡ ಬೇಕು ಅನ್ನುತ್ತೇವೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 50ರ ಬದಲು 40ರಿಂದಲೇ ಎರಡು ವರ್ಷಕ್ಕೊಮ್ಮೆ ಮಾಡಿಸಿ ಅಂತ ಸಲಹೆ ಬದಲಿಸಿತು. ಎಲ್ಲರಿಗೂ ನಾಳೆಯೇ ಮಾಡಿಸಿ ಅನ್ನುತ್ತಿಲ್ಲ, ಅಷ್ಟು ರೇಡಿಯಾಲಜಿಸ್ಟ್‌ಗಳು ನಮ್ಮಲ್ಲಿಲ್ಲ ಅಂತ ಗೊತ್ತು. ಅಮ್ಮನಿಗೋ ಅಕ್ಕನಿಗೋ ಈ ಕಾಯಿಲೆ ಬಂದ ಮನೆಯವರಿಂದ, ಕೈಪರೀಕ್ಷೆಯಲ್ಲಿ ಅನುಮಾನ ಬಂದವರಿಂದ ಶುರುಮಾಡಿ. 2024-25ರ ಬಜೆಟ್‌ನಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಡಿಜಿಟಲ್ ಮ್ಯಾಮೊಗ್ರಫಿ ಯಂತ್ರ ಕೊಡುವುದಾಗಿ ಸರ್ಕಾರ ಹೇಳಿತ್ತು. ಎಲ್ಲೆಲ್ಲಿ ಬಂದಿವೆ, ನಡೆಸುವವರು ಇದ್ದಾರಾ, ವಾರದಲ್ಲಿ ಎಷ್ಟು ದಿನ ನಡೆಯುತ್ತವೆ ಅಂತ ಜಿಲ್ಲಾವಾರು ಪ್ರಕಟಿಸಿ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹೆಂಗಸರಿಗೇ ಅಂತ ಇಡಿ. ನಮ್ಮ ಕಡೆ ಸಂತೆ ದಿನ ಇಟ್ಟರೆ ಒಳ್ಳೆಯದು, ಹೇಗೂ ಊರಿಗೆ ಬಂದಿರುತ್ತಾರೆ. ನರ್ಸ್‌ಗಳಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಕೈಪರೀಕ್ಷೆಯ ತರಬೇತಿಯನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಯಿಂದ ಕೊಡಿಸಿ. ಗಂಟು ಸಿಕ್ಕವಳ ಕೈಗೆ ಚೀಟಿ ಕೊಟ್ಟು ಕಳಿಸಿ ಮರೆಯಬೇಡಿ. ಆಕೆ ಸ್ಕ್ಯಾನ್ ಮಾಡಿಸಿದಳಾ, ಬಯಾಪ್ಸಿ ರಿಪೋರ್ಟ್ ಬಂತಾ ಅಂತ ಫೋನ್ ಮಾಡಿ ಕೇಳುವ ಒಬ್ಬರನ್ನು ತಾಲ್ಲೂಕಿಗೆ ನೇಮಿಸಿ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ತೋರಿಸಿದ 60 ದಿನದೊಳಗೆ ಕಾಯಿಲೆ ಖಚಿತ ಆಗಬೇಕು ಅನ್ನುತ್ತದೆ. ಆ ಗಡುವನ್ನು ನಮ್ಮ ರಾಜ್ಯವೂ ಇಟ್ಟುಕೊಳ್ಳಲಿ. ಬಿಗಿ ತೋಳು, ಫಿಸಿಯೋಥೆರಪಿ, ದಂಪತಿಗಳಿಗೆ ಆಪ್ತ ಸಮಾಲೋಚನೆ, ಇವನ್ನೂ ಆರೋಗ್ಯ ಕರ್ನಾಟಕಕ್ಕೆ ಸೇರಿಸಿ.

ಕೊನೆಗೆ ಯಜಮಾನರು ಹೇಳಿ ಬರೆಸುತ್ತಿರುವ ಮಾತು: ಗಂಡಸರನ್ನೂ ಕರೆಯಿರಿ. ನಮ್ಮ ಊರುಗಳಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ದುಡ್ಡು ಬಿಚ್ಚುವುದು ಇನ್ನೂ ಗಂಡನ ಕೈಯಲ್ಲೇ ಇದೆ. ಹಾಲಿನ ಡೇರಿಯಲ್ಲಿ, ಸಹಕಾರ ಸಂಘದಲ್ಲಿ ಈ ಮಾತು ಬರಲಿ. ನಮ್ಮ ತಾಲ್ಲೂಕಿನಲ್ಲಿ ಪರೀಕ್ಷೆಯ ದಿನ ಶುರುಮಾಡಿದರೆ ನಾವಿಬ್ಬರೂ ಬಂದು ಮಾತಾಡುತ್ತೇವೆ, ಹೆಂಗಸರ ಹತ್ತಿರ ನಾನು, ಗಂಡಸರ ಹತ್ತಿರ ಅವರು. ಯಾವ ವಾರದಿಂದ ಬರಬೇಕು ಅಂತ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಹೊಸದುರ್ಗ ತಾಲ್ಲೂಕಿನ ದಂಪತಿ