ಸೀನನಿಗೆ, ಬ್ರೂನೋನ ಮಾತ್ರೆ ವಿಚಾರವಾಗಿ

ಸೀನ,

"ಬ್ರೂನೋ ಹಿಂಗಾಲು ಎಳೀತಾನೆ ಕಣೋ, ಅಮ್ಮನ ಮಂಡಿನೋವಿನ ಮಾತ್ರೇಲಿ ಅರ್ಧ ಹಾಕ್ಲಾ?" ಅಂತ ನಿನ್ನ ನಾಯಿ ಬಗ್ಗೆ ನೀನು ಕೇಳಿದ್ದೆ. ಬೇಡ. ಅರ್ಧವೂ ಬೇಡ, ಕಾಲೂ ಬೇಡ, ಮೊಸರನ್ನದಲ್ಲಿ ಕಲಸಿಯೂ ಬೇಡ. ಆಗಲೇ ಕೊಟ್ಟಿದ್ದರೆ ವಾಂತಿ ಆಗಲಿ ನೋಡೋಣ ಅಂತ ಕಾಯದೆ, ಮಾತ್ರೆ ಶೀಟು ಸಮೇತ ಈಗಲೇ ಡಾಕ್ಟರ ಹತ್ತಿರ ಹೋಗು. ಯಾಕೆ ಅನ್ನೋದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಬೈಯಬೇಡ. ಮುದಿ ನಾಯಿಯೂ ಮಂಡಿನೋವಿನ ಹಿರಿಯರೂ ಒಟ್ಟಿಗಿರುವ ಮನೆ ನಿನ್ನದೊಂದೇ ಅಲ್ಲ.

ನಮ್ಮ ರಾಣಿಗೂ ಈಗ 12 ವರ್ಷ. ಅವಳ ನೋವನ್ನು ಮೊದಲು ಕಂಡುಹಿಡಿದದ್ದು ಅಪ್ಪ. ಅವಳು ಕುಂಟುತ್ತಿರಲಿಲ್ಲ, ಕುಂಯ್ ಅಂದವಳೂ ಅಲ್ಲ. ಏಳುವಾಗ ಮುಂಗಾಲೂರಿ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಹಿಂಭಾಗ ಎತ್ತುತ್ತಿದ್ದಳು. ಟೈಲ್ಸ್ ಮೇಲೆ ಕಾಲು ಜಾರಿ ಉಗುರು ಕರಕರ ಅನ್ನುತ್ತಿತ್ತು. ಅಪ್ಪ ತಮ್ಮ ಶೀಟಿನಿಂದ ಒಂದು ಮಾತ್ರೆ ಬಿಡಿಸಿಕೊಂಡು ಬಂದು, "ನಂಗೆ ಇದ್ರಲ್ಲೇ ಆರಾಮಾಗೋದು, ಅದಕ್ಕೂ ಒಂಚೂರು ಕೊಡೋಣ" ಅಂದರು. ಅಸೆಕ್ಲೋಫೆನಾಕ್, ಪ್ಯಾರಸಿಟಮಾಲ್ ಸೇರಿದ ಮಾತ್ರೆ ಅದು. ತಡೆದು, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಅಸೆಕ್ಲೋಫೆನಾಕ್ ಜಾತಿಯ ಮಾತ್ರೆಗಳು ನೋವು ತಗ್ಗಿಸುವುದು ದೇಹದಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಆಗದಂತೆ ತಡೆದು. ಹೊಟ್ಟೆಯ ಒಳಪದರವನ್ನು ಕಾಯುವುದೂ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಪ್ರೋಸ್ಟಾಗ್ಲಾಂಡಿನ್. ನಮ್ಮ ದೇಹ ತಾಳಿಕೊಳ್ಳುವಷ್ಟನ್ನು ನಾಯಿ ತಾಳುವುದಿಲ್ಲ. ಇದೇ ಜಾತಿಯ ನ್ಯಾಪ್ರೋಕ್ಸೆನ್ ನಮ್ಮ ರಕ್ತದಲ್ಲಿ ಅರ್ಧಕ್ಕಿಳಿಯಲು ಹೆಚ್ಚೆಂದರೆ 17 ಗಂಟೆ ಸಾಕು, ನಾಯಿಯಲ್ಲಿ ಸುಮಾರು ಮೂರು ದಿನ ಬೇಕು. ನಾಳೆಯ ಮಾತ್ರೆ ಇವತ್ತಿನದರ ಮೇಲೆ ಕೂರುತ್ತಾ ಹೋಗುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಮಲ ಕಪ್ಪಗೆ ಅಂಟಂಟಾಗುತ್ತದೆ, ಹೆಚ್ಚಾದರೆ ಕಿಡ್ನಿ ನಿಲ್ಲುತ್ತದೆ.

ರಾಮದೇವರ ಬೆಟ್ಟದಲ್ಲಿ ರಣಹದ್ದು ಕಂಡಿತು ಅಂತ ನೀನು ಕಿರುಚಿದ್ದೆಯಲ್ಲ (ಕಂಡಿದ್ದು ಏನು ಅಂತ ಇಲ್ಲಿ ಹೇಳಲ್ಲ, ಹೆದರಬೇಡ), ಆ ಹಕ್ಕಿಗಳನ್ನು ದೇಶದ ತುಂಬ ಅಳಿವಿನಂಚಿಗೆ ತಂದದ್ದೂ ಡೈಕ್ಲೋಫೆನಾಕೇ. ಹಸುವಿನ ನೋವಿಗೆ ಕೊಟ್ಟದ್ದು ಅದರ ಹೆಣ ತಿಂದ ಹದ್ದುಗಳ ಕಿಡ್ನಿ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಒಂದು ಜೀವಕ್ಕೆ ಮದ್ದಾದದ್ದು ಪಕ್ಕದ ಜೀವವನ್ನು ಇಷ್ಟು ಸಲೀಸಾಗಿ ಕೊಲ್ಲುತ್ತದೆ ಅನ್ನುವುದು ನನಗೆ ಈಗಲೂ ಅರಗುವುದಿಲ್ಲ.

ಮೆಲಾಕ್ಸಿಕಾಮ್ ನಮಗೂ ನಾಯಿಗೂ ಕೊಡುವ ನೋವಿನ ಔಷಧಿ ನಿಜ. ಆದರೆ ನಾಯಿಗೆ ದಿನನಿತ್ಯ ಬರೆಯುವುದು ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.1 ಮಿಲಿಗ್ರಾಂ. 25 ಕಿಲೋ ನಾಯಿಗೆ ಎರಡೂವರೆ ಮಿಲಿಗ್ರಾಂ ಆಯಿತು. ಮೆಡಿಕಲ್ ಶಾಪಿನಲ್ಲಿ ನಮಗೆ ಸಿಗುವುದು ಏಳೂವರೆಯದು, ಹದಿನೈದರದು. ಹದಿನೈದರದನ್ನು ಅರ್ಧ ಮುರಿದರೂ ಮೂರು ಪಟ್ಟು. ಕೀಲಿಗೆ ಅಂತ ಕೊಡುವ ಗ್ಲುಕೋಸಮೈನ್ ಇಷ್ಟು ಅಪಾಯದ್ದಲ್ಲ, ಪವಾಡವೂ ಅಲ್ಲ. ಅಮ್ಮನ ಡಬ್ಬಿಯದನ್ನು ಮಾತ್ರ ಕೊಡಬೇಡ. ಸಿಹಿಗೆ ಕ್ಸೈಲಿಟಾಲ್ ಬೆರೆಸಿದ್ದರೆ ನಾಯಿಯ ಸಕ್ಕರೆ ಅಂಶ ದಿಢೀರನೆ ಬಿದ್ದುಹೋಗುತ್ತದೆ, ಲಿವರ್ ಕೂಡ ಕೆಡಬಹುದು. ಹಾಂ, ಅಮ್ಮ ಮಂಡಿಗೆ ನೋವಿನ ಜೆಲ್ ಹಚ್ಚಿಕೊಂಡು ಕೂತಾಗ ಬ್ರೂನೋ ನೆಕ್ಕದ ಹಾಗೆ ನೋಡಿಕೋ. ಅವನಿಗೆ ಆ ಅಭ್ಯಾಸ ಇದೆ, ನಾನೇ ನೋಡಿದ್ದೇನೆ.

ಅಮ್ಮನಿಗೆ ಇನ್ನೊಂದು ಮಾತು ಹೇಳು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕಾಲು ಭಾಗ ಕಡಿಮೆ ಊಟ ಮಾಡಿದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ತಡವಾಗಿಯೇ. ಬ್ರೂನೋನ ಮೂರನೇ ಚಪಾತಿ ನಿಲ್ಲಲಿ. ನಡೆಯುವ ಕಡೆ ಹಳೇ ಚಾಪೆ ಹಾಸು.

ಇಷ್ಟೇ ಬರೆದು ಮುಗಿಸಬೇಕು ಅಂತಿದ್ದೆ.

ರಾಣಿಗೆ ಔಷಧಿ ಶುರು ಮಾಡುವ ಮೊದಲು ಡಾಕ್ಟರು ಮುಂಗಾಲಿನ ಕೂದಲು ಬೋಳಿಸಿ ರಕ್ತ ತೆಗೆದರು, ಕಿಡ್ನಿ ಲಿವರ್ ನೋಡೋಣ ಅಂತ. ಬೇರೆ ಏನು ಮಾತ್ರೆ ನಡೀತಿದೆ, ನೀರು ಜಾಸ್ತಿ ಕುಡೀತಾಳಾ, ಮಲದ ಬಣ್ಣ ಹೇಗಿದೆ ಅಂತ ಒಂದೊಂದಾಗಿ ಕೇಳಿದರು. ಅಪ್ಪ ಅವಳ ತಲೆ ಹಿಡಿದುಕೊಂಡು ಕೇಳಿಸಿಕೊಂಡರು. ವಾಪಸ್ ಬರುವಾಗ ಆಟೋದಲ್ಲಿ, "ನನ್ನ ಇಷ್ಟೆಲ್ಲ ಯಾರೂ ಕೇಳಿಲ್ಲಪ್ಪ" ಅಂದರು. ದೂರಿನ ದನಿಯಲ್ಲ, ಬರೀ ಆಶ್ಚರ್ಯ.

ಸೀನ, ಅಪ್ಪ ಬಿಪಿಗೆ ಟೆಲ್ಮಿಸಾರ್ಟಾನ್ ತಗೋತಾರೆ, ಜೊತೆಗೆ ನೀರು ಇಳಿಸುವ ಮಾತ್ರೆ. ಅದರ ಮೇಲೆ ಖಾಲಿ ಶೀಟು ತೋರಿಸಿ ತಂದ ಈ ನೋವಿನ ಮಾತ್ರೆ. ಮೂರೂ ಸೇರಿದರೆ ಮನುಷ್ಯನ ಕಿಡ್ನಿಗೇ ಕಷ್ಟ, ಅದೂ ಈ ವಯಸ್ಸಿನಲ್ಲಿ. ನಾಯಿಗಾಗಿ ಓದಿದ ಒಂದೊಂದು ಸಾಲೂ ಅಪ್ಪನ ಕಡೆಗೇ ತಿರುಗಿತು. ನಮ್ಮಮ್ಮ ಹೋದಮೇಲೆ ಅಪ್ಪ ಬೆಳಿಗ್ಗೆ ಚಪ್ಪಲಿ ಮೆಟ್ಟುವುದೇ ರಾಣಿಗೋಸ್ಕರ. ನಾನು ಹಾಸನದ ಬಸ್ಸು ಹತ್ತುವುದು ಅವರಿಬ್ಬರಿಗೋಸ್ಕರ. ಆ ಮನೆಗೆ ಬೀಗ ಬೀಳುತ್ತದೆ ಅನ್ನುವ ಯೋಚನೆ ಬಂದು, ರಾತ್ರಿ ಎದ್ದು ಇಬ್ಬರ ಉಸಿರೂ ಕೇಳುತ್ತಿದೆಯಾ ಅಂತ ಬಾಗಿಲಲ್ಲಿ ನಿಂತಿದ್ದೆ. ಇದನ್ನು ತಂಗಿಗೂ ಹೇಳಿಲ್ಲ, ಇಲ್ಲಿ ಹೇಗೆ ಬರೆದೆನೋ.

ಇರಲಿ ಬಿಡು. ಅಪ್ಪನ ರಕ್ತವೂ ಕೊಟ್ಟು ಬಂದಿದ್ದೇವೆ, ರಿಪೋರ್ಟ್ ನಾಳೆ. ನಿನ್ನಮ್ಮನಿಗೂ ಒಂದು ಮಾಡಿಸು, ಬ್ರೂನೋ ಜೊತೆಗೇ. ಅಪ್ಪ ನಿನ್ನನ್ನು ಕೇಳಿದರು. ಕೊಡೆಯನ್ನೂ ಕೇಳಿದರು. ಸೀನನ ಹತ್ತಿರ ಭದ್ರವಾಗಿದೆ ಅಂದಿದ್ದೇನೆ, ಮುಂದಿನದು ನಿನಗೆ ಬಿಟ್ಟದ್ದು.

ನಿನ್ನ,
ಗಿರಿ