ಕೋವಿ ಅಂದ್ರೆ ಬರೀ ಹಂದಿ ಓಡ್ಸೋದಲ್ಲ

ಸಂಪಾದಕರೇ, ನಮಸ್ಕಾರ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಗುರಿ ಹೊಡೆಯೋ ಸ್ಪರ್ಧೆ) ಕಂಚು ಗೆದ್ದಾಗ ಎಲ್ಲಾ ಪೇಪರಲ್ಲೂ ಫೋಟೊ ಬಂತು, ಆದ್ರೆ ಆ ಪಾಯಿಂಟ್ ಟೂ ಟೂ (.22 ಇಂಚಿನ ಗುಂಡಿನ) ರೈಫಲ್ ಹಿಂದಿನ ಕೆಲಸದ ಬಗ್ಗೆ ಯಾರೂ ಬರೆಯಲ್ಲ. ನಮ್ಮ ಶಿರಸಿ ಕಡೆ ಕೋವಿ ಅಂದ್ರೆ ತೋಟಕ್ಕೆ ಬರೋ ಹಂದಿ, ಮಂಗ ಅಷ್ಟೇ. ನಾನೂ ಇದೇ ರೈಫಲ್ ಹೊಡೆಯೋವ್ನು, ಅದರ ಕೇಸ್ ಹಿಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ನಿಂತ್ರೆ "ಎಂತದೋ ಮಾರಾಯಾ, ವೀಣೆಯಾ?" ಅಂತ ಕೇಳಿದವ್ರೂ ಇದ್ದಾರೆ!

50 ಮೀಟರ್ ದೂರದಲ್ಲಿ ಗುರಿಹಲಗೆಯ ಹತ್ತು ಅಂಕದ ವೃತ್ತ ಬರೀ 10.4 ಮಿಲಿಮೀಟರ್ ಅಗಲ. ಹೋದ ಮಳೆಗಾಲದಲ್ಲಿ ನನ್ನ ಗುಂಡುಗಳು ಸಿಕ್ಕಾಪಟ್ಟೆ ಚದುರೋಕೆ ಶುರುವಾಯ್ತು, ಬ್ಯಾರಲ್ (ನಳಿಗೆ) ಹಾಳಾಯ್ತು ಅಂತ ಒಂದು ವಾರ ನಿದ್ದೆ ಇಲ್ಲ, ಕೊನೆಗೆ ನೋಡಿದ್ರೆ ಮರದ ಸ್ಟಾಕ್ (ಬ್ಯಾರಲ್ ಕೂರಿಸೋ ಹಿಡಿ) ನಮ್ಮನೆ ಬಾಗಿಲಿನ ಹಾಗೇ ತೇವಕ್ಕೆ ಉಬ್ಬಿತ್ತು, ಸ್ಕ್ರೂಗಳ ಬಿಗಿ ತಪ್ಪಿತ್ತು. ಬಿಗಿ ಅಳೆಯೋ ಟಾರ್ಕ್ ವ್ರೆಂಚ್‌ನಲ್ಲಿ ಒಂದೇ ಅಳತೆಗೆ ಬಿಗಿದ ಮೇಲೆ ಸರಿಹೋಯ್ತು. ಕೆನ್ನೆ ಒತ್ತೋ ಕೆನ್ನೆಪಟ್ಟಿ, ಹೆಗಲಿಗೆ ಒರಗೋ ಹೆಗಲಪಟ್ಟಿ ನಾವೇ ಹೊಂದಿಸ್ಕೊಬಹುದು, ಬ್ಯಾರಲ್ ಕೆಲಸ ಮಾತ್ರ ಲೈಸೆನ್ಸ್ ಇರೋವ್ರ ಹತ್ರನೇ. ಎರಡು ಬದಲಾವಣೆ ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಏನಾಯ್ತು ಗೊತ್ತೇ ಆಗಲ್ಲ.

ಇನ್ನು ಕಾಡತೂಸು. ಒಂದೇ ಬ್ರ್ಯಾಂಡ್ ಆದ್ರೂ ಲಾಟ್ ನಂಬರ್ (ಒಂದೇ ಸಲ ತಯಾರಾದ ಕಾಡತೂಸಿನ ಗುರುತು) ಬದಲಾದ್ರೆ ಗುಂಡು ಬೀಳೋ ಜಾಗ ಬದಲಾಗ್ತದೆ, ಅದಕ್ಕೇ ರೈಫಲ್ ಕ್ಲ್ಯಾಂಪಿಗೆ ಕಟ್ಟಿ ಲಾಟಿಗೆ ಹತ್ತತ್ತು ಗುಂಡು ಹೊಡೆದು ಅಳೀಬೇಕು.

ನಿಮ್ಮ ಕ್ರೀಡಾ ಪುಟದಲ್ಲಿ ಪದಕದ ಫೋಟೊ ಜೊತೆ ಇಂಥದ್ದಕ್ಕೂ ಒಂದು ಕಾಲಂ ಜಾಗ ಕೊಡಿ.

ಒಬ್ಬ ಓದುಗ, ಶಿರಸಿ